ಬಿಡುವನ್ನು ಅಳೆಯುವ ವಿದ್ಯೆ

ಕರ್ನಾಟಕದಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ತಯಾರಿ ನಡೆಸುವ ಹುಡುಗರಿಗೆಲ್ಲ ಒಂದು ಲೆಕ್ಕ ಬಾಯಿಪಾಠವಾಗಿರುತ್ತದೆ: 1600 ಮೀಟರ್, ಆರೂವರೆ ನಿಮಿಷ. 400 ಮೀಟರಿನ ಟ್ರ್ಯಾಕಿನಲ್ಲಿ ಅದು ನಾಲ್ಕು ಸುತ್ತು. ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ಒಂದು ಸುತ್ತನ್ನು ಆ ವೇಗದಲ್ಲಿ ಮುಗಿಸುವುದು ಆರೋಗ್ಯವಾಗಿರುವ ಹರೆಯದ ಹುಡುಗನಿಗೆ ದೊಡ್ಡ ಮಾತಲ್ಲ. ಎರಡನೆಯದೂ ಹೇಗೋ ಸಾಗುತ್ತದೆ. ಮೂರನೆಯದಕ್ಕೆ ಏದುಸಿರು ಬರುತ್ತದೆ. ನಾಲ್ಕನೆಯದರಲ್ಲಿ ಕಾಲು ಹೇಳಿದ ಮಾತು ಕೇಳುವುದಿಲ್ಲ.

ಇದಕ್ಕೆ ಹೆಚ್ಚಿನವರು ಮಾಡುವ ತಯಾರಿ ಎಂದರೆ ದಿನಾ ಬೆಳಗ್ಗೆ ಎದ್ದು ಆ ನಾಲ್ಕು ಸುತ್ತನ್ನೇ ಓಡುವುದು. ಇಲ್ಲವೇ ಊರಾಚೆಯ ಡಾಂಬರು ರಸ್ತೆಯಲ್ಲಿ ಒಂದೇ ಸಮನೆ ಅರ್ಧ ಗಂಟೆ ಓಡಿ ಬರುವುದು. ಮೊದಮೊದಲು ಸಮಯ ಇಳಿಯುತ್ತದೆ. ಕೆಲವು ವಾರ ಕಳೆಯುವಷ್ಟರಲ್ಲಿ ಏಳು ನಿಮಿಷದ ಆಸುಪಾಸಿಗೆ ಬಂದು ನಿಂತುಬಿಡುತ್ತದೆ. ಜಿಮ್ಮಿನ ಟ್ರೆಡ್‌ಮಿಲ್ ಮೇಲೆ ದಿನಾ ಒಂದೇ ವೇಗದಲ್ಲಿ ಬೆವರು ಹರಿಸುವವರ ಕತೆಯೂ, ಪಾರ್ಕಿನಲ್ಲಿ ವರ್ಷಗಟ್ಟಲೆ ಒಂದೇ ಹೆಜ್ಜೆಯಲ್ಲಿ ಸುತ್ತು ಹಾಕುವವರ ಕತೆಯೂ ಇದೇ. ದೇಹ ಆ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ. ಒಗ್ಗಿದ ಮೇಲೆ ಅದು ಇನ್ನಷ್ಟು ಬದಲಾಗುವ ಗೋಜಿಗೆ ಹೋಗುವುದಿಲ್ಲ.

ಇದರಿಂದ ಹೊರಬರುವ ದಾರಿ ಓಟದ ಕೋಚ್‌ಗಳಿಗೆ ಬಹಳ ಹಿಂದಿನಿಂದಲೂ ಗೊತ್ತು. ಹತ್ತು ಮೂಟೆಯನ್ನು ಒಮ್ಮೆಗೇ ಹೊರಲಾರದ ಹಮಾಲಿ ಒಂದೊಂದಾಗಿ ಹತ್ತನ್ನೂ ಲಾರಿಗೆ ಏರಿಸುತ್ತಾನೆ. ನಡುವೆ ಬರಿಗೈಯಲ್ಲಿ ನಡೆದು ಬರುವ ಹೊತ್ತೇ ಅವನನ್ನು ಕಾಯುವುದು. ಓಟದಲ್ಲೂ ಹಾಗೆಯೇ. ಒಂದೇ ಸಮನೆ ಓಡಿದರೆ ತಾಳಿಕೊಳ್ಳಲಾಗದ ವೇಗವನ್ನು ತುಂಡು ಮಾಡಿ, ತುಂಡುಗಳ ನಡುವೆ ಅಳೆದು ಬಿಡುವು ಇಟ್ಟುಕೊಂಡು ಓಡುವುದು. ಇದೇ ಇಂಟರ್ವಲ್ ತರಬೇತಿ.

ಕೇಳಲು ಇಷ್ಟೇ. ಆದರೆ ಬಲ್ಲವರು ಇದನ್ನು ಮಾಡಿಸುವುದನ್ನು ನೋಡುತ್ತ ನಿಂತರೆ ಕಸುಬು ಎಲ್ಲಿದೆ ಎಂಬುದು ಕಾಣತೊಡಗುತ್ತದೆ. ಜೋರಾಗಿ ಓಡು ಎಂದು ಯಾರು ಬೇಕಾದರೂ ಕೂಗಬಹುದು. ಎಷ್ಟು ಹೊತ್ತು ಓಡದೆ ಇರಬೇಕು, ಆ ಹೊತ್ತನ್ನು ಹೇಗೆ ಕಳೆಯಬೇಕು, ಯಾವ ವಾರ ಅದನ್ನು ಕತ್ತರಿಸಬೇಕು ಎಂದು ಹೇಳಬಲ್ಲವರು ಕಡಿಮೆ.

ನೂರ ಎಂಬತ್ತು, ನೂರ ಇಪ್ಪತ್ತು

ತುಂಡು ತುಂಡಾಗಿ ಓಡುವ ಅಭ್ಯಾಸ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಯುರೋಪಿನ ಓಟಗಾರರಲ್ಲಿತ್ತು. 1930ರ ದಶಕದಲ್ಲಿ ಸ್ವೀಡನ್ನಿನ ಕೋಚ್ ಗೋಸ್ಟಾ ಹೋಲ್ಮೆರ್ ಕಾಡುದಾರಿಯಲ್ಲಿ ಮನಸ್ಸು ಬಂದಷ್ಟು ದೂರ ಜೋರಾಗಿ, ಮತ್ತೆ ಸುಧಾರಿಸಿಕೊಳ್ಳುವವರೆಗೆ ನಿಧಾನವಾಗಿ ಓಡಿಸುವ 'ಫಾರ್ಟ್‌ಲೆಕ್' ಪದ್ಧತಿ ರೂಪಿಸಿದರು. ಅಲ್ಲಿ ಲೆಕ್ಕವೆಲ್ಲ ಓಟಗಾರನ ಮರ್ಜಿಗೆ ಬಿಟ್ಟದ್ದು. ಅದೇ ಕಾಲದಲ್ಲಿ ಜರ್ಮನಿಯ ವೊಲ್ಡೆಮಾರ್ ಗೆರ್ಶ್ಲರ್ ಎಂಬ ಕೋಚ್ ಆ ಲೆಕ್ಕವನ್ನು ಮರ್ಜಿಯಿಂದ ತೆಗೆದು ನಾಡಿಬಡಿತಕ್ಕೆ ಒಪ್ಪಿಸಿದರು. ಅವರ ಜೊತೆಗೆ ನಿಂತವರು ಹೃದಯತಜ್ಞ ಡಾ. ರೈಂಡೆಲ್.

ಇಬ್ಬರೂ ಸೇರಿ ಗಟ್ಟಿಗೊಳಿಸಿದ ನಿಯಮ ಇಂದಿಗೂ ಕೈಬೆರಳಿನಲ್ಲೇ ಪರೀಕ್ಷಿಸಬಹುದಾದಷ್ಟು ಸರಳ. ನೂರೋ ಇನ್ನೂರೋ ಮೀಟರನ್ನು ಎದೆಬಡಿತ ನಿಮಿಷಕ್ಕೆ 180ರ ಹತ್ತಿರ ಬರುವಂತೆ ಓಡಬೇಕು. ಆಮೇಲೆ ಅದು 120ಕ್ಕೆ ಇಳಿಯುವವರೆಗೆ ಕಾಯಬೇಕು. ಇಳಿದ ಕೂಡಲೇ ಮತ್ತೆ ಓಟ. ಹೀಗೆ ಇಳಿಯಲು ಒಂದೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಒಂದೋ ಓಟ ತೀರಾ ಬಿರುಸಾಗಿತ್ತು, ಇಲ್ಲವೇ ಆ ದಿನದ ಶಕ್ತಿ ಮುಗಿಯಿತು. ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು ಹತ್ತು ಸೆಕೆಂಡು ಎಣಿಸಿದರೆ ಸಾಕು: ಓಟ ಮುಗಿದಾಗ ಮೂವತ್ತು ಬಡಿತ, ಮತ್ತೆ ಹೊರಡುವಾಗ ಇಪ್ಪತ್ತು. ಸ್ಮಾರ್ಟ್‌ವಾಚ್ ಇಲ್ಲದ ಕಾಲದಲ್ಲಿ ಓಟಗಾರರು ಹೀಗೆಯೇ ಎಣಿಸುತ್ತಿದ್ದರು; ಇಂದಿಗೂ ಇದಕ್ಕಿಂತ ಅಗ್ಗದ ಸಲಕರಣೆ ಇನ್ನೊಂದಿಲ್ಲ.

ಈ ನಿಯಮದಲ್ಲಿ ನನಗೆ ಬಲು ಹಿಡಿಸುವುದು ಅದರ ನ್ಯಾಯ. ಎಲ್ಲರಿಗೂ ಒಂದೇ ಬಿಡುವು ಎಂದು ಅದು ಹೇಳುವುದಿಲ್ಲ. ಒಬ್ಬನ ಎದೆ ನಲವತ್ತು ಸೆಕೆಂಡಿನಲ್ಲಿ ಇಳಿದರೆ ಅವನಿಗೆ ನಲವತ್ತು. ಇನ್ನೊಬ್ಬನಿಗೆ ಎಂಬತ್ತು ಬೇಕಾದರೆ ಎಂಬತ್ತು. ನಿನ್ನೆ ನಿದ್ದೆಗೆಟ್ಟವನ ಎದೆ ಇಂದು ತಡವಾಗಿ ಇಳಿಯುತ್ತದೆ, ಅವನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಬಿಡುವು ಸುಧಾರಿಸಿಕೊಳ್ಳುವ ಹೊತ್ತೂ ಹೌದು, ಓಟಗಾರನ ಸ್ಥಿತಿಯನ್ನು ಕೋಚ್ ಓದುವ ಹೊತ್ತೂ ಹೌದು.

ಗೆರ್ಶ್ಲರ್ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರ ಜುಲೈ 15ರಂದು ಮಿಲಾನ್‌ನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿದ. ಅಲ್ಲಿಯವರೆಗಿನ ವಿಶ್ವದಾಖಲೆ 1 ನಿಮಿಷ 48.4 ಸೆಕೆಂಡು. 800 ಮೀಟರಿನಂಥ ಓಟದಲ್ಲಿ ದಾಖಲೆ ಸೆಕೆಂಡಿನ ಹತ್ತನೇ ಒಂದು, ಎರಡು ಭಾಗ ಕದಲಿದರೆ ಸುದ್ದಿ. ಹಾರ್ಬಿಗ್ ಒಂದೇ ಏಟಿಗೆ 1.8 ಸೆಕೆಂಡು ಕಡಿದು ಹಾಕಿದ. ಅದನ್ನು ಮುರಿಯಲು 1955ರವರೆಗೆ ಯಾರಿಗೂ ಆಗಲಿಲ್ಲ. ಅಷ್ಟರಲ್ಲಿ ಹಾರ್ಬಿಗ್ ಇರಲಿಲ್ಲ. 1944ರಲ್ಲಿ ಯುದ್ಧದ ಪೂರ್ವ ರಣರಂಗದಲ್ಲಿ ಸತ್ತಿದ್ದ. ಅವನ ಊರಾದ ಡ್ರೆಸ್ಡೆನ್‌ನ ಕ್ರೀಡಾಂಗಣಕ್ಕೆ ಅವನ ಹೆಸರಿದೆ.

ತುಂಡು ಮಾಡಿದರೆ ಆಗುವುದೇನು

ಬಿಡುವಿನ ಮೊದಲ ಕ್ಷಣಗಳಲ್ಲೇ ಹೃದಯ ಹಿಗ್ಗಿ ಬಲಗೊಳ್ಳುತ್ತದೆ ಎಂಬುದು ಗೆರ್ಶ್ಲರ್ ಮತ್ತು ರೈಂಡೆಲ್ ಅವರ ವಿವರಣೆ. ಈಗಿನ ಶರೀರಶಾಸ್ತ್ರ ಒತ್ತು ಕೊಡುವುದು ಬೇರೊಂದಕ್ಕೆ: ದೊಡ್ಡ ವೇಗದಲ್ಲಿ ಒಟ್ಟು ಎಷ್ಟು ಹೊತ್ತು ಕಳೆದೆವು ಎಂಬುದಕ್ಕೆ. ಆ ಹೊತ್ತನ್ನು ಹೆಚ್ಚಿಸಿಕೊಡುವುದು ಬಿಡುವು.

ಇದನ್ನು ಚೊಕ್ಕವಾಗಿ ತೋರಿಸಿದ್ದು ಸ್ಟಾಕ್‌ಹೋಮಿನಲ್ಲಿ ಇರ್ಮಾ ಆಸ್ಟ್ರಾಂಡ್, ಪೆರ್-ಓಲೋಫ್ ಆಸ್ಟ್ರಾಂಡ್ ದಂಪತಿ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದ ಪ್ರಯೋಗ. ಗಟ್ಟಿಮುಟ್ಟಾದ ಒಬ್ಬನನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ ಭಾರಿ ಹೊರೆ ಹಾಕಿ ತುಳಿಸಿದರು. ಒಂದೇ ಸಮನೆ ತುಳಿದಾಗ ಸುಮಾರು ಒಂಬತ್ತು ನಿಮಿಷಕ್ಕೆ ಅವನ ಕೈಲಾಗದೆ ಹೋಯಿತು. ಅದೇ ಹೊರೆಯನ್ನು ಅರ್ಧ ನಿಮಿಷ ತುಳಿತ, ಅರ್ಧ ನಿಮಿಷ ಬಿಡುವು ಎಂದು ತುಂಡು ಮಾಡಿದಾಗ ಒಂದು ಗಂಟೆ ನಿರಾಯಾಸವಾಗಿ ಎಂಬಂತೆ ಮುಗಿಸಿದ. ಬಿರುಸಿನ ಕೆಲಸದಲ್ಲಿ ರಕ್ತಕ್ಕೆ ಸೇರುವ ಲ್ಯಾಕ್ಟೇಟ್ ಹೆಚ್ಚೇನೂ ಏರಿರಲಿಲ್ಲ. ಮೂರು ನಿಮಿಷ ತುಳಿತ, ಮೂರು ನಿಮಿಷ ಬಿಡುವು ಎಂದಾಗ ಮಾಡಿದ ಕೆಲಸ ಅಷ್ಟೇ, ಸಿಕ್ಕ ಬಿಡುವೂ ಅಷ್ಟೇ. ಆದರೂ ಗಂಟೆ ಮುಗಿಯುವ ಹೊತ್ತಿಗೆ ಹೈರಾಣಾಗಿದ್ದ. ಹೊರೆ ಬದಲಾಗಲಿಲ್ಲ. ತುಂಡಿನ ಅಳತೆ ಬದಲಾದುದಕ್ಕೇ ದೇಹದ ಪಾಲಿಗೆ ಅದು ಬೇರೆಯದೇ ಕೆಲಸವಾಯಿತು.

ಕಾರಣ ಸ್ನಾಯುವಿನೊಳಗಿದೆ. ದಿಢೀರನೆ ಬೇಕಾಗುವ ಶಕ್ತಿಗೆ ಸ್ನಾಯು ಮೊದಲು ಕೈಹಾಕುವುದು ಕ್ರಿಯಾಟಿನ್ ಫಾಸ್ಫೇಟ್ ಎಂಬ ದಾಸ್ತಾನಿಗೆ. ಅದು ಕೆಲವೇ ಸೆಕೆಂಡುಗಳಲ್ಲಿ ಖರ್ಚಾಗುತ್ತದೆ, ಆದರೆ ತುಂಬಿಕೊಳ್ಳುವುದೂ ಬೇಗ. ಅರ್ಧ ನಿಮಿಷದ ಬಿಡುವಿನಲ್ಲಿ ಅರ್ಧದಷ್ಟು ಮರಳುತ್ತದೆ, ಪೂರ್ತಿ ಮರಳಲು ಕೆಲವು ನಿಮಿಷ ಬೇಕು. ಓಟ ಇನ್ನೂ ಮುಂದುವರಿದರೆ ಸ್ನಾಯು ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಒಡೆಯುತ್ತದೆ. ಆಗ ಲ್ಯಾಕ್ಟೇಟ್ ಏರುತ್ತದೆ, ತೊಡೆ ಕಲ್ಲಾಗುತ್ತದೆ. ತುಂಡು ಚಿಕ್ಕದಿದ್ದರೆ ಆ ಹಂತ ಬರುವ ಮೊದಲೇ ಬಿಡುವು ಬಂದಿರುತ್ತದೆ.

ಇನ್ನೊಂದು ಕಾರಣ ಹೃದಯದ್ದು. ಓಟ ಶುರುವಾದ ಕೂಡಲೇ ಆಮ್ಲಜನಕದ ಪೂರೈಕೆ ಪೂರ್ಣಮಟ್ಟಕ್ಕೆ ಏರುವುದಿಲ್ಲ. ಒಂದೆರಡು ನಿಮಿಷ ಹಿಡಿಯುತ್ತದೆ. ಬಿಡುವು ಅತಿಯಾದರೆ ಹೃದಯ ಪೂರ್ತಿ ಕೆಳಗಿಳಿದು ಪ್ರತಿ ಸಲವೂ ಬುಡದಿಂದ ಹತ್ತಬೇಕಾಗುತ್ತದೆ. ಬಿಡುವು ಹದವಾಗಿದ್ದರೆ ಎರಡನೆಯ ತುಂಡು ಅರ್ಧ ಏರಿನಿಂದಲೇ ಹೊರಡುತ್ತದೆ, ಮೂರನೆಯದು ಅದಕ್ಕೂ ಮೇಲಿನಿಂದ. ಕೊನೆಯ ಕೆಲವು ತುಂಡುಗಳಲ್ಲಿ ಹೃದಯ ತನ್ನ ಮಿತಿಯ ಹತ್ತಿರದಲ್ಲೇ ಕೆಲಸ ಮಾಡುತ್ತಿರುತ್ತದೆ. ಈ ಒತ್ತಡಕ್ಕೆ ದೇಹ ಕೊಡುವ ಉತ್ತರ ವಾರಗಳಲ್ಲಿ ಕಾಣುತ್ತದೆ: ಹೃದಯದ ಎಡ ಕೆಳಕೋಣೆ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ಸ್ನಾಯುಕೋಶದಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವನ್ನು ವಿಓಟು ಮ್ಯಾಕ್ಸ್ ಎನ್ನುತ್ತಾರೆ. ಅದು ಏರುವುದೆಂದರೆ ಇದೇ.

2007ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನ ಯಾನ್ ಹೆಲ್ಗೆರುಡ್ ಮತ್ತು ಸಂಗಡಿಗರು ಇದನ್ನು ಸಮನಾದ ತಕ್ಕಡಿಯಲ್ಲಿಟ್ಟು ತೂಗಿದರು. ನಲವತ್ತು ಮಂದಿ ಆರೋಗ್ಯವಂತ ಗಂಡಸರನ್ನು ನಾಲ್ಕು ಗುಂಪು ಮಾಡಿ ಎಂಟು ವಾರ, ವಾರಕ್ಕೆ ಮೂರು ದಿನ ಓಡಿಸಿದರು. ಒಟ್ಟು ಕೆಲಸ ಎಲ್ಲರದೂ ಒಂದೇ. ಒಂದೇ ವೇಗದಲ್ಲಿ ಓಡಿದ ಎರಡು ಗುಂಪುಗಳ ವಿಓಟು ಮ್ಯಾಕ್ಸ್ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ನಾಲ್ಕು ನಿಮಿಷದ ನಾಲ್ಕು ತುಂಡು ಓಡಿದವರದು ಶೇ 7.2 ಏರಿತು, ಹದಿನೈದು ಸೆಕೆಂಡು ಓಟ, ಹದಿನೈದು ಸೆಕೆಂಡು ಬಿಡುವು ಎಂದು ಓಡಿದವರದು ಶೇ 5.5.

ಪಿ.ಟಿ. ಮೇಷ್ಟ್ರ ನೋಟ್‌ಬುಕ್

ಈ ವಿದ್ಯೆಯನ್ನು ನೋಡಲು ಟ್ರಾಂಡ್‌ಹೈಮಿಗೆ ಹೋಗಬೇಕಿಲ್ಲ. ಬೆಳಗಿನ ಆರು ಗಂಟೆಗೆ ಯಾವುದಾದರೂ ಜಿಲ್ಲಾ ಕ್ರೀಡಾಂಗಣದ ಗೇಟು ದಾಟಿ ಒಳಗೆ ನಿಂತರೆ ಸಾಕು. ಕುತ್ತಿಗೆಗೆ ದಾರ ಕಟ್ಟಿದ ಸ್ಟಾಪ್‌ವಾಚು, ಬಾಯಲ್ಲಿ ಸೀಟಿ, ಬಗಲಲ್ಲೊಂದು ನೋಟ್‌ಬುಕ್ ಇಟ್ಟುಕೊಂಡ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಅಲ್ಲಿ ಸಿಗುತ್ತಾರೆ. ಸಂಬಳವಿಲ್ಲ, ಸಂಭಾವನೆಯಿಲ್ಲ, ಹುಡುಗರು ಸೆಲೆಕ್ಟ್ ಆದ ದಿನ ಒಂದು ಡಬ್ಬಿ ಸಿಹಿ ತಂದುಕೊಟ್ಟರೆ ಅದೇ ಹೆಚ್ಚು.

ಅವರ ಬಳಿಗೆ ಬರುವ ಹೊಸ ಹುಡುಗನನ್ನು ಮೊದಲ ದಿನ ಸುಮ್ಮನೆ ನಾಲ್ಕು ಸುತ್ತು ಓಡಿಸುತ್ತಾರೆ. ಪ್ರತಿ ಸುತ್ತಿನ ಸಮಯ ನೋಟ್‌ಬುಕ್ಕಿಗೆ ಬೀಳುತ್ತದೆ. ಹೀಗಿರುತ್ತದೆ ಅನ್ನಿ: 88, 104, 115, 123. ಕೂಡಿದರೆ ಏಳು ನಿಮಿಷ ಹತ್ತು ಸೆಕೆಂಡು. ಒಟ್ಟು ಸಮಯವನ್ನಷ್ಟೇ ನೋಡಿದವರು ನಲವತ್ತು ಸೆಕೆಂಡು ಕಡಿಮೆಯಾಗಬೇಕು, ಇನ್ನೂ ಜೋರಾಗಿ ಓಡಪ್ಪಾ ಎನ್ನುತ್ತಾರೆ. ಮೇಷ್ಟ್ರಿಗೆ ಕಾಣುವುದು ಬೇರೆ. ವೇಗಕ್ಕೆ ಹುಡುಗನಲ್ಲಿ ಕೊರತೆಯಿಲ್ಲ. 88ರ ಬದಲು ಮೊದಲ ಸುತ್ತನ್ನು 97ರಲ್ಲಿ ಓಡುವ ಹದ ಗೊತ್ತಿಲ್ಲ, ಆ ಹದವನ್ನು ನಾಲ್ಕು ಸುತ್ತು ಹಿಡಿದಿಡುವ ಉಸಿರು ಇಲ್ಲ.

ಮರುದಿನದ ಪಾಠ: 400 ಮೀಟರಿನ ಆರು ತುಂಡು, ಒಂದೊಂದೂ 97 ಸೆಕೆಂಡು, ನಡುವೆ ಎರಡು ನಿಮಿಷ ನಡಿಗೆ. ಅರ್ಧ ಸುತ್ತಿನಲ್ಲಿ ಒಂದು ಕಲ್ಲು ಇಟ್ಟಿರುತ್ತಾರೆ. ಅದನ್ನು 48ಕ್ಕೆ ದಾಟಬೇಕು. ಹುಡುಗ ಹುರುಪಿನಲ್ಲಿ ಮೊದಲನೆಯದನ್ನು 86ರಲ್ಲಿ ಮುಗಿಸಿ ಹೊಗಳಿಕೆಗೆ ಕಾಯುತ್ತಾನೆ.

"ಯಾರೋ ನಿಂಗೆ ಎಂಬತ್ತಾರು ಕೇಳಿದ್ದು? ತೊಂಬತ್ತೇಳು ಅಂದ್ರೆ ತೊಂಬತ್ತೇಳೇ. ನಡಿ ನಡಿ, ನಿಂತ್ಕೋಬೇಡ."

ನಿಂತುಕೊಳ್ಳಬೇಡ ಎನ್ನುವುದಕ್ಕೂ ಕಾರಣವಿದೆ. ಓಡುವಾಗ ಕಾಲಿನ ಸ್ನಾಯುಗಳೇ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳುಹಿಸುತ್ತಿರುತ್ತವೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ನಡೆಯುತ್ತಲೋ ಮೆಲ್ಲಗೆ ಜಾಗ್ ಮಾಡುತ್ತಲೋ ಇದ್ದರೆ ಲ್ಯಾಕ್ಟೇಟ್ ಕೂಡ ಬೇಗ ಕರಗುತ್ತದೆ. ಬಿಡುವು ಎಷ್ಟು ಎಂಬುದರಷ್ಟೇ ಅದನ್ನು ಹೇಗೆ ಕಳೆದೆವು ಎಂಬುದೂ ಮುಖ್ಯವಾಗುವುದು ಇಲ್ಲಿ.

ಎರಡನೆಯದು 95. ಮೂರನೆಯದು ಸರಿಯಾಗಿ 97. ನಾಲ್ಕನೆಯದು 99. ಐದನೆಯದಕ್ಕೆ ಹೊರಟಾಗ ಮೇಷ್ಟ್ರು ವಾಚು ನೋಡುವುದನ್ನು ಬಿಟ್ಟು ಹುಡುಗನನ್ನು ನೋಡತೊಡಗುತ್ತಾರೆ. ಭುಜ ಕಿವಿಯ ಹತ್ತಿರ ಏರಿದೆ. ಮುಷ್ಟಿ ಬಿಗಿದಿದೆ. ತಲೆ ಅತ್ತಿತ್ತ ಅಲ್ಲಾಡುತ್ತಿದೆ. ಇಷ್ಟು ಹೊತ್ತು ಸದ್ದಿಲ್ಲದೆ ಬೀಳುತ್ತಿದ್ದ ಪಾದ ಈಗ ಪಟಪಟ ಬಡಿಯುತ್ತಿದೆ. ಕಲ್ಲು ದಾಟುವ ಮೊದಲೇ ಅವರಿಗೆ ಗೊತ್ತು. 104. ನೋಟ್‌ಬುಕ್ ಮುಚ್ಚುತ್ತಾರೆ.

"ಸಾಕು ಇವತ್ತಿಗೆ."

"ಸಾರ್, ಇನ್ನೊಂದು ಓಡ್ತೀನಿ ಸಾರ್."

"ಓಡ್ತೀಯ, ಗೊತ್ತು. ತೊಂಬತ್ತೇಳರಲ್ಲಿ ಓಡಲ್ಲ. ನಿಧಾನವಾಗಿ ಓಡೋದು ಕಲಿಯೋಕೆ ಇಲ್ಲಿಗೆ ಬರ್ಬೇಕಾ?"

ಇಡೀ ವಿದ್ಯೆಯ ತಿರುಳು ಆ ಗದರಿಕೆಯಲ್ಲಿದೆ. ವೇಗ ಕೆಟ್ಟ ಮೇಲೆ ಓಡಿದ್ದು ಸುಸ್ತನ್ನು ಕೂಡಿಸುತ್ತದೆಯೇ ಹೊರತು ಕಲಿಕೆಯನ್ನಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ಆರೂ ತುಂಡು 96ರಿಂದ 98ರ ಒಳಗೆ ಬರತೊಡಗುತ್ತವೆ. ಈಗ ಹುಡುಗನ ನಿರೀಕ್ಷೆ, ಮೇಷ್ಟ್ರು 97 ಅನ್ನು 93 ಮಾಡುತ್ತಾರೆ ಎಂದು. ಅವರು ವೇಗವನ್ನು ಮುಟ್ಟುವುದೇ ಇಲ್ಲ. ಎರಡು ನಿಮಿಷದ ಬಿಡುವನ್ನು ಒಂದೂವರೆ ಮಾಡುತ್ತಾರೆ. ಅದು ಒಗ್ಗಿದ ಮೇಲೆ ಒಂದು ನಿಮಿಷ, ಆಮೇಲೆ ಮುಕ್ಕಾಲು ನಿಮಿಷ. ಒಂದು ವಾರ 400 ಮೀಟರಿನ ಎರಡು ತುಂಡನ್ನು ಬೆಸೆದು 800 ಮಾಡಿ, ಅಂಥ ಎರಡನ್ನು ಓಡಿಸುತ್ತಾರೆ; ನಡುವಿನ ಬಿಡುವು ಮಾತ್ರ ಉಳಿಯುತ್ತದೆ. ಹಾಗೆ ಸವೆಯುತ್ತ ಬಂದ ಬಿಡುವು ಸೊನ್ನೆಯಾದ ದಿನ ಹುಡುಗ ಓಡುವುದು 1600 ಮೀಟರ್, ಆರೂವರೆ ನಿಮಿಷದೊಳಗೆ. ಹೊಸ ವೇಗವೊಂದನ್ನೂ ಅವನಿಗೆ ಕಲಿಸಿರುವುದಿಲ್ಲ. ಮೊದಲ ದಿನವೇ ಅವನ ಕಾಲಲ್ಲಿದ್ದ ವೇಗದ ನಡುವಿನ ಸಂದುಗಳನ್ನು ಒಂದೊಂದಾಗಿ ಮುಚ್ಚಿದ್ದಾರೆ, ಅಷ್ಟೇ.

ಅರವತ್ತು ಸೆಕೆಂಡಿನ ಗೋಡೆ

ಮೈಲಿ ಎಂದರೆ 1609 ಮೀಟರ್; ಹೆಚ್ಚುಕಡಿಮೆ ಇದೇ ನಾಲ್ಕು ಸುತ್ತು. ಅದನ್ನು ನಾಲ್ಕು ನಿಮಿಷದೊಳಗೆ ಓಡಲು ಹೊರಟ ರೋಜರ್ ಬ್ಯಾನಿಸ್ಟರ್ ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿ. ಅಭ್ಯಾಸಕ್ಕೆ ಸಿಗುತ್ತಿದ್ದುದು ಮಧ್ಯಾಹ್ನದ ಊಟದ ಬಿಡುವು. ಆ ಹೊತ್ತಿನಲ್ಲಿ ಅವರು ಓಡುತ್ತಿದ್ದುದು 440 ಗಜದ ಹತ್ತು ತುಂಡು, ನಡುವೆ ಎರಡೆರಡು ನಿಮಿಷ ಬಿಡುವು. 1953ರ ಚಳಿಗಾಲದಲ್ಲಿ ಒಂದೊಂದು ತುಂಡಿಗೆ 66 ಸೆಕೆಂಡು ಹಿಡಿಯುತ್ತಿತ್ತು. 1954ರ ಏಪ್ರಿಲ್ ಹೊತ್ತಿಗೆ ಅದು 61ಕ್ಕೆ ಇಳಿಯಿತು. ಅಲ್ಲಿಗೆ ನಿಂತಿತು. ಏನು ಮಾಡಿದರೂ 60 ಆಗಲೊಲ್ಲದು.

ಆಗ ಅವರು ಗೆಳೆಯ ಕ್ರಿಸ್ ಬ್ರಾಶರ್ ಜೊತೆ ಸ್ಕಾಟ್‌ಲೆಂಡಿಗೆ ಹೋಗಿ ಕೆಲವು ದಿನ ಬಂಡೆ ಹತ್ತಿದರು. ಓಟದ ಮಾತೇ ಇಲ್ಲ. ಮರಳಿ ಬಂದು ಟ್ರ್ಯಾಕಿಗೆ ಇಳಿದಾಗ ಹತ್ತು ತುಂಡೂ 59ರಲ್ಲಿ ಬಂದವು. ಮೇ 6ರಂದು ಆಕ್ಸ್‌ಫರ್ಡಿನ ಇಫ್ಲಿ ರೋಡ್ ಟ್ರ್ಯಾಕಿನಲ್ಲಿ ಬ್ರಾಶರ್ ಮತ್ತು ಕ್ರಿಸ್ ಚಾಟವೇ ವೇಗ ಕಾಯ್ದುಕೊಟ್ಟು ಮುಂದೆ ಓಡಿದರು. ಬ್ಯಾನಿಸ್ಟರ್ 3 ನಿಮಿಷ 59.4 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ತುಂಡುಗಳ ನಡುವಿನ ಎರಡು ನಿಮಿಷದಷ್ಟೇ, ವಾರಗಳ ನಡುವಿನ ಆ ಕೆಲವು ದಿನಗಳೂ ತರಬೇತಿಯ ಭಾಗವೇ ಆಗಿದ್ದವು. ಬಿಡುವಿನ ಲೆಕ್ಕ ಸೆಕೆಂಡುಗಳಲ್ಲಿ ಮುಗಿಯುವುದಿಲ್ಲ.

ಇದೇ ಪದ್ಧತಿಯನ್ನು ಇನ್ನೊಂದು ತುದಿಗೆ ಎಳೆದವರು ಜೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್. ಬಾಟಾ ಪಾದರಕ್ಷೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ಆಮೇಲೆ ಸೈನ್ಯ ಸೇರಿದ ಈ ಮನುಷ್ಯ 400 ಮೀಟರಿನ ಇಪ್ಪತ್ತು ತುಂಡಿನಿಂದ ಆರಂಭಿಸಿ ನಲವತ್ತು, ಅದಕ್ಕೂ ಮೇಲೆ ಹೋದರು. ಅವರ ಬಿಡುವು ಎಂದರೆ ಇನ್ನೂರು ಮೀಟರ್ ಜಾಗಿಂಗ್. ಕಾಡಿನಲ್ಲಿ, ಹಿಮದಲ್ಲಿ, ಸೈನ್ಯದ ಬೂಟು ತೊಟ್ಟು ಓಡುತ್ತಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಅದುವರೆಗೆ ಒಮ್ಮೆಯೂ ಓಡಿರದ ಮ್ಯಾರಥಾನ್, ಮೂರರಲ್ಲೂ ಚಿನ್ನ. ಅವರನ್ನು ಕಂಡು ಅನುಕರಿಸಹೊರಟ ಹಲವರು ಸಂಖ್ಯೆಯನ್ನು ಮಾತ್ರ ಕಲಿತರು. ಅಷ್ಟನ್ನು ತಾಳಿಕೊಳ್ಳುವ ಮೈ ಎಲ್ಲರಿಗೂ ಇರುವುದಿಲ್ಲ.

ಹತ್ತು ಸೆಕೆಂಡು, ಮೂರು ನಿಮಿಷ

ಬಿಡುವನ್ನು ಬದಲಾಯಿಸುತ್ತ ಹೋದರೆ ಒಂದೇ ಪದ್ಧತಿಯಿಂದ ಎಷ್ಟೊಂದು ಬಗೆಯ ವ್ಯಾಯಾಮ ಹುಟ್ಟುತ್ತವೆ ಎಂಬುದಕ್ಕೆ ಮೂರು ಉದಾಹರಣೆ ಸಾಕು.

ಅತಿ ಚಿಕ್ಕ ಬಿಡುವು ಜಪಾನಿನದು. ಸ್ಪೀಡ್ ಸ್ಕೇಟಿಂಗ್ ತಂಡದ ಕೋಚ್ ಇರಿಸಾವಾ ಕೊಯಿಚಿ ಬಳಸುತ್ತಿದ್ದ ಕ್ರಮವೊಂದನ್ನು ವಿಜ್ಞಾನಿ ಇಝುಮಿ ತಬಾತ ಪ್ರಯೋಗಕ್ಕೊಡ್ಡಿ 1996ರಲ್ಲಿ ಪ್ರಕಟಿಸಿದರು: 20 ಸೆಕೆಂಡು ಸೈಕಲ್ ತುಳಿತ, 10 ಸೆಕೆಂಡು ಬಿಡುವು, ಏಳೆಂಟು ಸಲ. ಹತ್ತು ಸೆಕೆಂಡಿನಲ್ಲಿ ಯಾರೂ ಸುಧಾರಿಸಿಕೊಳ್ಳುವುದಿಲ್ಲ, ಉದ್ದೇಶವೂ ಅದೇ. ಆರು ವಾರದ ಕೊನೆಗೆ ಈ ಗುಂಪಿನ ವಿಓಟು ಮ್ಯಾಕ್ಸ್ ಏರಿದ್ದಲ್ಲದೆ, ಆಮ್ಲಜನಕದ ನೆರವಿಲ್ಲದೆ ಕೆಲಸ ಮಾಡುವ ಸಾಮರ್ಥ್ಯವೂ ಶೇ 28 ಹೆಚ್ಚಿತ್ತು. ದಿನಕ್ಕೆ ಒಂದು ಗಂಟೆ ಒಂದೇ ವೇಗದಲ್ಲಿ ತುಳಿದವರಲ್ಲಿ ಎರಡನೆಯದು ಏರಲೇ ಇಲ್ಲ. ಇಂದು ಜಿಮ್ಮುಗಳಲ್ಲಿ ನಾಲ್ಕು ನಿಮಿಷ ಕೈಕಾಲು ಆಡಿಸುವುದಕ್ಕೆಲ್ಲ 'ತಬಾತ' ಎನ್ನುತ್ತಾರೆ. ಮೂಲದಲ್ಲಿ ಏಳನೆಯ ತುಂಡು ಮುಗಿಯುವ ಹೊತ್ತಿಗೆ ಪೆಡಲ್ ತಿರುಗಿಸಲೂ ಆಗದಂಥ ಹೊರೆ ಇರುತ್ತಿತ್ತು.

ನಡುವಿನದು ನಾರ್ವೆಯ ನಾಲ್ಕು ಬಾರಿ ನಾಲ್ಕು. ಗರಿಷ್ಠ ಎದೆಬಡಿತದ ಶೇ 90ರ ಸುಮಾರಿನಲ್ಲಿ ನಾಲ್ಕು ನಿಮಿಷ, ಆಮೇಲೆ ಮೂರು ನಿಮಿಷ ಆರಾಮದ ನಡಿಗೆ ಅಥವಾ ಜಾಗಿಂಗ್. ಓಡುವಾಗ ಎರಡು ಮೂರು ಪದ ಹೇಳಲಾಗಬೇಕು, ವಾಕ್ಯ ಆಡಲಾಗಬಾರದು. ಬಿಡುವಿನಲ್ಲಿ ಮಾತು ಮರಳಬೇಕು.

ಮೂರನೆಯದು ಓಡಲಾಗದವರದು. ಜಪಾನಿನ ಮಾತ್ಸುಮೊಟೊದಲ್ಲಿರುವ ಶಿನ್‌ಶು ವಿಶ್ವವಿದ್ಯಾಲಯದ ಹಿರೋಶಿ ನೋಸೆ ಮತ್ತು ಸಂಗಡಿಗರು ಅರವತ್ತರ ಆಸುಪಾಸಿನ ಗಂಡಸರು, ಹೆಂಗಸರನ್ನು ಮೂರು ನಿಮಿಷ ಬಿರುಸಾಗಿ, ಮೂರು ನಿಮಿಷ ನಿಧಾನವಾಗಿ ನಡೆಸಿದರು. ಹೀಗೆ ಐದು ಸಲ, ಒಟ್ಟು ಅರ್ಧ ಗಂಟೆ. ವಾರಕ್ಕೆ ನಾಲ್ಕು ದಿನ ಅಥವಾ ಹೆಚ್ಚು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಐದು ತಿಂಗಳ ಕೊನೆಗೆ ಇವರ ತೊಡೆಯ ಬಲವೂ ದಮ್ಮೂ ಹೆಚ್ಚಿದ್ದವು, ರಕ್ತದೊತ್ತಡ ಇಳಿದಿತ್ತು. ಒಂದೇ ಹದದಲ್ಲಿ ದಿನಕ್ಕೆ ಎಂಟು ಸಾವಿರ ಹೆಜ್ಜೆ ನಡೆದವರಿಗೆ ಅಷ್ಟು ಲಾಭ ಸಿಗಲಿಲ್ಲ. ಲಾಲ್‌ಬಾಗಿನಲ್ಲೋ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ದಿನಾ ಅರ್ಧ ಗಂಟೆ ನಡೆಯುವವರು ಅದೇ ಅರ್ಧ ಗಂಟೆಯಲ್ಲಿ ಇದನ್ನು ಮಾಡಿಕೊಳ್ಳಬಹುದು. ಬೇಕಾದದ್ದು ಒಂದು ಗಡಿಯಾರ.

ಒಂದೇ ಸಮನೆಯ ಓಟಕ್ಕೂ ಜಾಗವಿದೆ

ಇಷ್ಟೆಲ್ಲ ಓದಿದ ಮೇಲೆ ನಿಧಾನದ ಓಟವನ್ನೇ ಬಿಟ್ಟುಬಿಡುವ ಮನಸ್ಸಾದರೆ ಅದು ತಪ್ಪು. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ತಮ್ಮ ಓಟಗಾರರನ್ನು ಮೊದಲು ತಿಂಗಳುಗಟ್ಟಲೆ, ವಾರಕ್ಕೆ ನೂರು ಮೈಲಿಯಷ್ಟು ದೂರದ ಓಟ ಓಡಿಸಿ, ಆಮೇಲಷ್ಟೇ ತುಂಡು ಓಟಕ್ಕೆ ಇಳಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ್ರೆ ಹಾಲ್ಬರ್ಗ್ 5,000 ಮೀಟರಿನಲ್ಲೂ ಒಂದೇ ದಿನ ಚಿನ್ನ ಗೆದ್ದರು. ನಾರ್ವೆಯಲ್ಲಿ ನೆಲೆಸಿರುವ ಸಂಶೋಧಕ ಸ್ಟೀಫನ್ ಸೈಲರ್ ವಿಶ್ವದರ್ಜೆಯ ದೂರದೋಟಗಾರರ ದಿನಚರಿಗಳನ್ನು ನೋಡಿ ಕಂಡುಕೊಂಡದ್ದೂ ಇದನ್ನೇ: ಐದು ದಿನದ ಅಭ್ಯಾಸದಲ್ಲಿ ನಾಲ್ಕು ದಿನ ಹಗುರ, ಒಂದು ದಿನ ಬಿರುಸು. ಮೂಳೆ, ಸ್ನಾಯುರಜ್ಜು, ಮೊಣಕಾಲಿನ ಕೀಲು ಗಟ್ಟಿಯಾಗಲು ಹೃದಯಕ್ಕಿಂತ ಹೆಚ್ಚು ಕಾಲ ಬೇಕು. ಹಗುರದ ದಿನಗಳು ಅದಕ್ಕೆ ಮೀಸಲು. ಆ ದಿನಗಳು ಕೂಡ ಒಂದು ಬಗೆಯ ದೊಡ್ಡ ಬಿಡುವೇ.

ವ್ಯಾಯಾಮದ ನಡುವೆ ಹೃದಯಾಘಾತ ಎಂಬ ಸುದ್ದಿ ಓದಿ ಅಂಜಿದವರು ನಮ್ಮಲ್ಲಿ ಬಹಳ. ಅಂಜಿಕೆ ಪೂರ್ತಿ ಅಕಾರಣವೂ ಅಲ್ಲ. ನಾರ್ವೆಯ ಹೃದಯ ಪುನಶ್ಚೇತನ ಕೇಂದ್ರಗಳಲ್ಲಿ 4,846 ರೋಗಿಗಳ ಮೇಲೆ ನಿಗಾ ಇಟ್ಟು 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 46,364 ಗಂಟೆಗಳ ಬಿರುಸಿನ ಇಂಟರ್ವಲ್ ವ್ಯಾಯಾಮದಲ್ಲಿ ಎರಡು ಸಲ ಹೃದಯ ಸ್ತಂಭಿಸಿತ್ತು, ಇಬ್ಬರೂ ಬದುಕಿದರು. ಸಾಧಾರಣ ವೇಗದ 1,29,456 ಗಂಟೆಗಳಲ್ಲಿ ಒಬ್ಬರು ತೀರಿಕೊಂಡಿದ್ದರು. ಅಪಾಯ ಎರಡರಲ್ಲೂ ತೀರಾ ಕಡಿಮೆ. ಆದರೆ ಅವರೆಲ್ಲ ತಜ್ಞರ ಕಣ್ಣೆದುರು ವ್ಯಾಯಾಮ ಮಾಡಿದವರು. ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಕಾಯಿಲೆ ಇರುವವರು, ಎದೆನೋವು ಕಂಡವರು, ವರ್ಷಗಳಿಂದ ಕುರ್ಚಿ ಬಿಟ್ಟು ಏಳದವರು ಮೊದಲು ವೈದ್ಯರ ಬಳಿ ಹೋಗಬೇಕು. ಆಮೇಲೂ ಕೆಲವು ವಾರ ಬರಿಯ ನಡಿಗೆಯಲ್ಲಿ ಮೈ ಪಳಗಿಸಿಕೊಂಡು ಬಿರುಸಿಗೆ ಇಳಿಯಬೇಕು. ಜ್ವರವಿದ್ದ ದಿನ ಬಿರುಸಿನ ಓಟ ಕೂಡದು.

ಶುರುಮಾಡುವವರಿಗೆ ಹೇಳಬೇಕಾದ್ದು ಹೆಚ್ಚಿಲ್ಲ. ವಾರಕ್ಕೆ ಒಂದು, ಮೈ ಒಪ್ಪಿದರೆ ಎರಡು ದಿನ. ಅವುಗಳ ನಡುವೆ ಕನಿಷ್ಠ ಎರಡು ದಿನದ ಅಂತರ. ಮೊದಲು ಹತ್ತು ನಿಮಿಷ ವಾರ್ಮ್‌ಅಪ್, ಕೊನೆಗೆ ಹತ್ತು ನಿಮಿಷ ನಡಿಗೆ. ನಡುವೆ ಒಂದು ನಿಮಿಷ ಬಿರುಸು, ಎರಡು ನಿಮಿಷ ನಿಧಾನ, ಇಂಥ ಆರು ತುಂಡು ಆರಂಭಕ್ಕೆ ಧಾರಾಳ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದುಕೊಳ್ಳಿ: ಓಡಿದ ದೂರ ಅಥವಾ ಸಮಯಕ್ಕೆ ಒಂದು, ಬಿಡುವಿಗೆ ಒಂದು. ಸುಧಾರಣೆ ಮೊದಲು ಕಾಣುವುದು ಎರಡನೆಯದರಲ್ಲಿ. ಮೊದಲ ತುಂಡು ಮತ್ತು ಕೊನೆಯ ತುಂಡು ಒಂದೇ ವೇಗದಲ್ಲಿ ಬಂದಿದ್ದರೆ ಆ ದಿನ ಗೆದ್ದಂತೆ. ಕೊನೆಯದನ್ನು ಮುಗಿಸಿದಾಗ ಇದೇ ವೇಗದಲ್ಲಿ ಇನ್ನೊಂದನ್ನು ಓಡಬಲ್ಲೆ ಎನ್ನಿಸಬೇಕು. ಆ ಇನ್ನೊಂದನ್ನು ಓಡದೆ ಮನೆಗೆ ಹೋಗುವುದನ್ನು ಕಲಿತವರಿಗೆ ಈ ವಿದ್ಯೆ ಅರ್ಧ ಬಂದಂತೆ.